ಕಳುವಾದ ಸುಣ್ಣದ ಡಬ್ಬಿ

ನಮ್ಮ ಅತ್ತೆಯವರ ಹಿತ್ತಾಳೆಯ ಸುಣ್ಣದ ಡಬ್ಬಿ ಕಳೆದುಹೋಗಿ ವರ್ಷವಾಗುತ್ತ ಬಂದಿತ್ತು. ಅಂಗೈಯಲ್ಲಿ ಅಡಗುವಷ್ಟು ಪುಟ್ಟದು, ಮುಚ್ಚಳದ ಮೇಲೆ ಸವೆದುಹೋದ ಒಂದು ನವಿಲು. ಎಲೆಯಡಿಕೆಗೆ ಕೂತಾಗಲೆಲ್ಲ ಅವರಿಗೆ ಅದರ ನೆನಪಾಗುತ್ತಿತ್ತು. "ಯಾವ್ ಕಳ್ಳಿ ತಕಂಡೋದ್ಳೋ, ಅವ್ಳ ಕೈ ಸೇದೋಗ!" ಎಂದು ಶಪಿಸುತ್ತಿದ್ದರು. ಆ ಕಳ್ಳಿ ನಾನೇ, ಓದುಗ ಮಿತ್ರರೇ. ಶಾಪ ಕೇಳಿಸಿಕೊಳ್ಳುತ್ತಲೇ ಅವರಿಗೆ ಅಡಿಕೆ ಕತ್ತರಿಸಿಕೊಡುವಷ್ಟು ಪಳಗಿದ ಕಳ್ಳಿ.

ಡಬ್ಬಿಯಲ್ಲಿ ಇದ್ದದ್ದು ನನ್ನ ಮಗಳು ನಂದಿನಿಯ ಮಾತ್ರೆ. ಹದಿಮೂರು ವರ್ಷದ ಹುಡುಗಿ, ಹೋದ ವರ್ಷ ಕೈ ತೊಳೆಯಲು ನಿಂತರೆ ನಿಂತೇಬಿಡುತ್ತಿದ್ದಳು; ಬೆರಳ ಸಂದಿ ಬಿರಿದು ರಕ್ತ ಬಂದರೂ ಕೊಳೆ ಹೋಗಿಲ್ಲವೆಂದು ಅಳುತ್ತಿದ್ದಳು. ಮೈಸೂರಿನ ಮನೋವೈದ್ಯರು ಮಾತ್ರೆ ಕೊಟ್ಟರು, ಮಾತಾಡಿಸಿದರು. ತಿಂಗಳುಗಳು ಕಳೆದ ಮೇಲೆ ಒಂದು ದಿನ ಅವಳು ಮಾವಿನಹಣ್ಣನ್ನು ಮೊಣಕೈವರೆಗೂ ರಸ ಸುರಿಸಿಕೊಂಡು ತಿಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಅತ್ತುಬಿಟ್ಟೆ.

ಇಷ್ಟು ಒಳ್ಳೆಯದು ಮಾಡಿದ ಮಾತ್ರೆಗೆ ಲೋಕದಲ್ಲಿ ಮರ್ಯಾದೆಯೇ ಇಲ್ಲ. ಕೊಳ್ಳೇಗಾಲದ ಯಾವ ಮದುವೆ ಮನೆಗೆ ಹೋದರೂ, ಊಟವಾದ ಮೇಲೆ ಹಿರಿಯರು ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆಗಳನ್ನು ಒಡವೆ ತೋರಿಸುವ ಹಾಗೆ ಹೊರತೆಗೆದು, ನಿಮ್ಮದು ಎಷ್ಟು ಪವರು, ನಮ್ಮದು ಇಷ್ಟು ಎಂದು ಹೋಲಿಸಿ ನೋಡುತ್ತಾರೆ. ಆದರೆ ಶಾಗ್ಯದ ನನ್ನ ನಾದಿನಿ, ನಂದಿನಿಯ ಮಾತ್ರೆಯ ಸುಳಿವು ಸಿಕ್ಕ ದಿನವೇ, ತನ್ನ ಸಕ್ಕರೆ ಮಾತ್ರೆ ನುಂಗಿ ನೀರು ಕುಡಿಯುತ್ತ, "ಅಯ್ಯೋ ಅತ್ಗೆ, ಹೆಣ್ ಮಗೀಗೆ ತಲೆ ಮಾತ್ರೆ ಕೊಡಬ್ಯಾಡಿ ಕಣ್ರಿ, ಮಾದಪ್ಪನ್ ಬೆಟ್ಟಕ್ಕೆ ಓಗ್ಬನ್ನಿ, ಎಲ್ಲಾ ಸರ್ಯಾಯ್ತದೆ" ಎಂದಳು. ಬೆಟ್ಟಕ್ಕೆ ಎರಡು ಸಲ ಹೋಗಿ ಬಂದಿದ್ದೇವೆ. ಮಾತ್ರೆ ನಿಲ್ಲಿಸು ಎಂದು ಮಾದಪ್ಪ ಹೇಳಿದ್ದನ್ನು ನಾನಂತೂ ಕೇಳಲಿಲ್ಲ. ಅಂದಿನಿಂದಲೇ ಮಾತ್ರೆಗಳು ಹಾಳೆಯಿಂದ ಕಳಚಿಕೊಂಡು ಸುಣ್ಣದ ಡಬ್ಬಿ ಸೇರಿದ್ದು. ಅತ್ತೆಯವರಿಗೂ ಅದು ಶಕ್ತಿಯ ಮಾತ್ರೆ ಎಂದೇ ಹೇಳಿದ್ದೆ.

ಈಗ ಶಾಲೆಯ ಕಥೆ. ಮೂರು ದಿನದ ಪ್ರವಾಸದ ಅರ್ಜಿಯಲ್ಲಿ 'ಔಷಧಿ ಸೇವಿಸುತ್ತಿದ್ದರೆ ವಿವರ' ಎಂಬ ಅಂಕಣವಿತ್ತು. ಗುಮಾಸ್ತೆಯ ಕೆಲಸ ಮಾಡುವ ನನಗೆ ಖಾಲಿ ಅಂಕಣ ಕಂಡರೆ ಕೈ ಸುಮ್ಮನಿರುವುದಿಲ್ಲ, ತುಂಬಿದೆ. ಮರುದಿನವೇ ಮುಖ್ಯೋಪಾಧ್ಯಾಯರಿಂದ ಕರೆ. "ಯಾಕ್ ಬರೆದ್ರಿ ಮೇಡಂ? ಬರೀದೇ ಇದ್ದಿದ್ರೆ ನಮಗೂ ಗೊತ್ತಾಗ್ತಿರಲಿಲ್ಲ, ಆರಾಮಾಗಿ ಬರ್ತಿದ್ಳು. ಈಗ ಕರ್ಕೊಂಡ್ ಹೋಗಕ್ಕಾಗಲ್ಲ." ಸತ್ಯ ಹೇಳಿದ್ದಕ್ಕೆ ಸಿಕ್ಕ ಬಹುಮಾನ ಇದು. ಯಳಂದೂರಿನ ಕಚೇರಿಗೆ ರಜೆ ಹಾಕಿ, ಮನೆಯಲ್ಲಿ ಮಗ್ಗ ನೇಯುವ ಗಂಡನನ್ನೂ ಕೆಲಸ ಬಿಡಿಸಿ ಜೊತೆಗೆ ಕರೆದುಕೊಂಡು ಹೋದೆ. ವೈದ್ಯರ ಪತ್ರ ಬೇಕೆಂದರು, ತಂದೆವು. ಮಾತ್ರೆ ತೆಗೆದುಕೊಂಡರೆ ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂದಿತ್ತು ಅದರಲ್ಲಿ. ಮಾತ್ರೆಯೇ ಬೇಡ ಎಂದು ಬರೆಸಿಕೊಂಡು ಬನ್ನಿ ಎಂದರು! ನಾಲ್ಕು ಮಾತಿಗೆ ಒಂದು ಮಾತಾಡುವ ನನ್ನ ಗಂಡ ಆಗ ಬಾಯಿಬಿಟ್ಟರು: "ಕನ್ನಡಕ ಹಾಕ್ಕಂಡ್ ಮಗ ಚೆನ್ನಾಗ್ ಓದ್ತದೆ ಸಾ. ಕನ್ನಡಕ ಬಿಚ್ಚಿಟ್ ಬಾ ಅಂತೀರಾ?"

ಮೂರನೆಯ ಸಲ ನಂದಿನಿಯನ್ನೂ ಕರೆದುಕೊಂಡು ಹೋದೆವು. ಮುಖ್ಯೋಪಾಧ್ಯಾಯರು ಕೊನೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ. ಮಾತ್ರೆ ಟೀಚರ ಬಳಿ ಇರಬೇಕು, ಬೇರೆ ಮಕ್ಕಳಿಗೆ ತಿಳಿಯದಂತೆ ಮರೆಯಲ್ಲಿ ಕೊಡುತ್ತಾರೆ. ಗೆದ್ದೆವೆಂದು ನಾನು ಕೈ ಮುಗಿಯಲು ಹೊರಟಾಗ ಮಗಳು ಎದ್ದು ನಿಂತಳು. "ಟೀಚರ್ ಹತ್ರಾನೇ ಇರ್ಲಿ ಸಾ. ಆದ್ರೆ ಮರೇಲಿ ಯಾಕೆ? ರಶ್ಮಿ ಉಬ್ಬಸಕ್ಕೆ ಎಲ್ರ ಮುಂದೇನೇ ಪಂಪ್ ತಗೋತಾಳಲ್ಲ." ಅವರು ಪತ್ರವನ್ನು ಮತ್ತೊಮ್ಮೆ ಓದಿದರು. ಆಮೇಲೆ, ಆಗಲಿ ಎಂದರು.

ಬರುವ ದಾರಿಯಲ್ಲಿ ನಾನು ಮೇಷ್ಟರನ್ನೂ, ನಾದಿನಿಯನ್ನೂ, ಇಡೀ ತಾಲ್ಲೂಕನ್ನೂ ಬೈಯುತ್ತಿದ್ದೆ. ನಂದಿನಿ ಕೇಳುವಷ್ಟು ಕೇಳಿ, "ಅಮ್ಮಾ, ನೀನೂ ಮರೇಲೇ ಕೊಡ್ತೀಯಲ್ಲ. ಅದೂ ಸುಣ್ಣ ಇದ್ದ ಡಬ್ಬೀಲಿ. ನಾನು ಎಷ್ಟು ಸಲ ಅದನ್ನ ತೊಳೀಬೇಕು ಅಂತ ಅನ್ಕೊಂಡು ತಡ್ಕೊಂಡಿದೀನಿ ಗೊತ್ತಾ?" ಎಂದಳು. ನನಗೆ ನಾಚಿಕೆಯಾಯಿತು. ಅಷ್ಟು ಜನರ ಮೇಲಿದ್ದ ನನ್ನ ಸಿಟ್ಟಿಗೆ ಆಮೇಲೆ ನಿಲ್ಲಲು ಜಾಗವೇ ಸಿಗಲಿಲ್ಲ.

ಮನೆಗೆ ಬಂದವಳೇ ನಂದಿನಿ ಡಬ್ಬಿಯನ್ನು ಅಜ್ಜಿಯ ಮಡಿಲಿಗೆ ಹಾಕಿ, "ಇದ್ರಲ್ಲಿ ನನ್ ಮಾತ್ರೆ ಇತ್ತು ಅಜ್ಜಿ. ಶಕ್ತೀದಲ್ಲ, ಮನಸ್ಸಿಂದು" ಎಂದಳು. ಅತ್ತೆ ಡಬ್ಬಿಯನ್ನು ಮೂಸಿದರು, ನವಿಲನ್ನು ಸವರಿದರು, ನನ್ನನ್ನು ದುರುಗುಟ್ಟಿ ನೋಡಿದರು. "ಮಾತ್ರೆ ತಾನೆ? ನನ್ ಮಾತ್ರೆ ಗೂಡಲ್ಲೇ ಮಡುಗವ್ವ. ಇದ್ಕೋಸ್ಕರ ಒಂದ್ ವರ್ಸ ನನ್ ಡಬ್ಬಿ ಕದ್ದಿದ್ಲಾ ನಿಮ್ಮವ್ವ?"

ಈಗ ಡಬ್ಬಿಯಲ್ಲಿ ಸುಣ್ಣವಿದೆ, ಗೋಡೆಯ ಗೂಡಿನಲ್ಲಿ ಎರಡು ಮಾತ್ರೆ ಹಾಳೆಗಳು ಅಕ್ಕಪಕ್ಕ ಇವೆ. ಬೆಳಿಗ್ಗೆ ತಿಂಡಿಯಾದ ಕೂಡಲೇ ಅತ್ತೆ ಜಗುಲಿಯಲ್ಲಿ ಕೂತು, ಮಗ್ಗದ ಸದ್ದನ್ನೂ ಮೀರಿಸಿ, "ನಂದೂ, ಮನಸಿನ್ ಮಾತ್ರೆ ನುಂಗ್ದೇನವ್ವಾ?" ಎಂದು ಕೂಗುತ್ತಾರೆ, ಬೀದಿಯ ಕೊನೆಯ ಮನೆಗೂ ಕೇಳಿಸುತ್ತದೆ. ಮೊದಲ ದಿನ ನಾನು ಕಿಟಕಿ ಮುಚ್ಚಲು ಎದ್ದೆ. ಆಮೇಲೆ ಕೂತುಕೊಂಡು ಅವರಿಗೆ ಅಡಿಕೆ ಕತ್ತರಿಸಿದೆ.