ಒರೆಸಿದ ಕಡತ

ಮೈಸೂರಿನ ರೈಲು ಸಾಗರ ಮುಟ್ಟಿದಾಗ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ನನ್ನ ಚೀಲದಲ್ಲಿ ಮೂರು ಸದಸ್ಯತ್ವ ಪತ್ರಗಳಿದ್ದವು. ಹಳೆಯ ಓಲೆ, ಕಾಗದ, ಚಿತ್ರಗಳು ಹಾಳಾಗದಂತೆ ಕಾಪಾಡುವುದೇ ಕಸುಬಾದವರ ಸಂಘ ನಮ್ಮದು. ನಾನು ಅದರ ಕಾರ್ಯದರ್ಶಿ. ಎರಡು ತಿಂಗಳ ಹಿಂದೆ ಇದೇ ಸಾಗರದಲ್ಲಿ ಒಂದು ದಿನದ ತರಬೇತಿ ಕೊಟ್ಟಿದ್ದೆವು. ಮನೆಯಲ್ಲಿರುವ ಒಂದು ಹಳೆಯ ಬರಹವನ್ನು ತಾವೇ ಶುಚಿ ಮಾಡಿ ತೋರಿಸಿದವರಿಗೆ ಸದಸ್ಯತ್ವ ಎಂಬ ನಿಯಮ ತಂದವಳು ನಾನೇ. ಮೂವರು ಮುಂದೆ ಬಂದಿದ್ದರು.

ಮೊದಲನೆಯವರು ಸಾಗರದ ಭಟ್ಟರು. ತಾಳೆಗರಿಗೆ ಮಸಿ ಸವರಿ, ನಿಂಬೆಯ ಘಮದ ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ಒರೆಸಿದ್ದರು. ಕೊರೆದ ಗೀರುಗಳಲ್ಲಿ ಮಸಿ ನಿಂತು ಅಕ್ಷರ ಎದ್ದು ಕಾಣುತ್ತಿತ್ತು. "ಈಗ ಕನ್ನಡಕ ಇಲ್ದೇ ಓದ್ಲಕ್ಕು, ನೋಡು" ಎಂದು ಹೆಂಡತಿಯನ್ನು ಕರೆದು ತೋರಿಸಿದರು. ನಾಲ್ಕು ತೆಳ್ಳೇವು ದೋಸೆ ತಿಂದು, ಪತ್ರ ಕೊಟ್ಟು, ಬೀಗುತ್ತಲೇ ಹೊಸನಗರದ ಬಸ್ಸು ಹತ್ತಿದೆ. ಖಾಸಗಿ ಬಸ್ಸು, ನನ್ನ ಆಧಾರ್ ಕಾರ್ಡು ಅಲ್ಲಿ ನಡೆಯಲಿಲ್ಲ. ಅರವತ್ತು ರೂಪಾಯಿ ಟಿಕೆಟ್ಟು.

ಹೊಸನಗರದ ಪದ್ಮರಾಜಯ್ಯನವರದು ಹಳೆಯ ಜೈನ ಮನೆತನ. ಬಟ್ಟೆ ಅಂಗಡಿಯ ಬಾಗಿಲು ಅರ್ಧ ಎಳೆದು, ಹಿಂದಿನ ಮನೆಗೆ ಕರೆದೊಯ್ದರು. ಪೆಟ್ಟಿಗೆಯಿಂದ ಅವರು ತೆಗೆದದ್ದು ಓಲೆಯಲ್ಲ, ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲು ಬಳಿದು ಮಡಿಸಿದ ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಸ್ಲೇಟಿನ ಹಾಗೆ, ಒರೆಸಿದರೆ ಹೋಯಿತು.

ಮಡಿಕೆ ಬಿಚ್ಚಿದೆ. ಕೊನೆಯವರೆಗೂ ಬರೀ ಕಪ್ಪು.

"ಎಷ್ಟು ಚೆನ್ನಾಗಿ ಹೊಳೀತದೆ ನೋಡಿ ಮೇಡಂ. ಅಕ್ಷರ ಮಾತ್ರ ಕಣ್ಣಿಗೆ ಕಾಣ್ತಾ ಇಲ್ಲ. ನಿಮ್ಮ ಹತ್ರ ಮಷೀನ್ ಇರ್ತದಲ್ಲ, ಅದ್ರಲ್ಲಿ ಕಾಣ್ತದಲ್ವಾ?"

"ಒರೆಸೋಕೆ ಮೊದಲೇ ಫೋಟೋ ತೆಗ್ದಿದ್ರಾ?" ಎಂದೆ.

"ಇಲ್ಲ. ನೀವು ಬಂದು ತೆಗೀತೀರಿ ಅಂದ್ಕೊಂಡೆ."

ಒಳಬಾಗಿಲಲ್ಲಿ ಕೂತಿದ್ದ ಅವರ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. "ನೋಂಪಿ ವ್ರತದ ದಿನ ನಮ್ಮ ಮಾವ ಅದನ್ನ ಓದ್ತಿದ್ರು. ನಮ್ಮ ಹಿರೀಕರ ಹೆಸರು ಪೂರಾ ಇತ್ತು, ಬಸದಿಗೆ ಯಾರು ಏನು ಕೊಟ್ರು ಅಂತ. ಹೋಯ್ತಾ ತಂಗಿ?"

"ಹೋಯ್ತು ಅಮ್ಮ" ಎಂದೆ. ಯಾವ ಮಷೀನಿಗೂ ಅಲ್ಲಿ ಏನೂ ಉಳಿದಿರಲಿಲ್ಲ.

ಪದ್ಮರಾಜಯ್ಯ ಸಿಟ್ಟಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು. ತರಬೇತಿಯ ನೋಟ್‌ಬುಕ್ಕು ತಂದು ಬೆರಳಿಟ್ಟು ತೋರಿಸಿದರು: ಹಳೆಯ ಬರಹಕ್ಕೆ ಎಣ್ಣೆ ಹಚ್ಚಿ ಮೆತ್ತಗಿನ ಬಟ್ಟೆಯಲ್ಲಿ ಒರೆಸುವುದು. "ನೀವು ಹೇಳಿದ್ದನ್ನೇ ಬರ್ಕೊಂಡಿದ್ದು ಮೇಡಂ." ಹೌದು, ಹಾಗೇ ಹೇಳಿದ್ದೆ. ತಾಳೆಗರಿಗೆ ಮಾತ್ರ ಎನ್ನಲಿಲ್ಲ. ಕಡತದ ಪಾಠಕ್ಕೆ ಇಟ್ಟಿದ್ದ ಒಂದು ಗಂಟೆಯನ್ನು ಉದ್ಘಾಟನೆಯ ಭಾಷಣಗಳು ನುಂಗಿದ್ದವು. ಹಾರ ಹಾಕಿಸಿಕೊಂಡವರಲ್ಲಿ ನಾನೂ ಒಬ್ಬಳು. ಅವರ ಪತ್ರವನ್ನು ಚೀಲದಿಂದ ತೆಗೆಯಲು ಕೈ ಬರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಮೂರನೆಯ ಅರ್ಜಿ ತೆಗೆದು ನೋಡಿದೆ. ತೀರ್ಥಹಳ್ಳಿಯ ಶಾರದಮ್ಮ, ನಿವೃತ್ತ ಶಿಕ್ಷಕಿ. ಶುಚಿ ಮಾಡುವ ವಸ್ತು: ಅಜ್ಜನ ಕಡತ. ಕೆಳಗೆ ನನ್ನದೇ ಸಹಿ. ಓದದೆ ಹಾಕಿದ್ದೆ.

ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ಮಾಡಿದೆ. ಕಾಡಿನ ದಾರಿಯಲ್ಲಿ ಸಿಗ್ನಲ್ಲೇ ಹೋಯಿತು. ಪಕ್ಕದ ಸೀಟಿನ ಹೆಂಗಸು "ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿದಾಗ ಅಳು ಬಂತು. ದಾರಿಯಲ್ಲಿ ಏನು ನೋಡಿದೆನೋ ಒಂದೂ ನೆನಪಿಲ್ಲ. ತೀರ್ಥಹಳ್ಳಿಯಲ್ಲಿ ಇಳಿದವಳೇ ಆಟೋ ಹಿಡಿದೆ.

ಬಾಗಿಲು ತೆರೆದ ಕೂಡಲೇ ಮಜ್ಜಿಗೆಹುಲ್ಲಿನ ವಾಸನೆ ಮೂಗಿಗೆ ಬಡಿಯಿತು. ಶಾರದಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಕ್ಕರು.

"ಫೋನ್ ಎತ್ತಕ್ಕೆ ಆಗ್ಲಿಲ್ಲ ಮೇಡಂ, ಕೈಯೆಲ್ಲ ಎಣ್ಣೆ. ನೀವು ಬರೋದ್ರೊಳಗೆ ಮುಗಿಸ್ಬೇಕು ಅಂತ ಬೆಳಿಗ್ಗೆಯಿಂದ ಕೂತಿದ್ದೆ. ಬನ್ನಿ, ಸರ್ಟಿಫಿಕೇಟ್ ತಂದ್ರಾ?"