ಭಾವ ತುಂಬಿಸಿದ ಫಾರಂ

ಅಕ್ಕ ಕತ್ರಿಗುಪ್ಪೆಯ ಮನೆಯ ಬಚ್ಚಲಲ್ಲಿ ತಲೆಸುತ್ತಿ ಬಿದ್ದಳು. ತಿಂಗಳುಗಟ್ಟಲೆ ರಕ್ತ ಹೋಗುತ್ತಿದ್ದುದನ್ನು ಯಾರಿಗೂ ಹೇಳಿರಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ತುಂಬ ಫೈಬ್ರಾಯ್ಡ್ ಗಡ್ಡೆಗಳು.

ಹಿಮೋಗ್ಲೋಬಿನ್ ಐದು.

"ಮೊದ್ಲು ಎರಡು ಯೂನಿಟ್ ಬ್ಲಡ್ ಹಾಕ್ಬೇಕು. ಆಮೇಲೆ ಆಪರೇಷನ್," ಎಂದರು ಜಯನಗರದ ಡಾಕ್ಟರ್.

ಬಿ ನೆಗೆಟಿವ್. ಬ್ಲಡ್ ಬ್ಯಾಂಕಿನಲ್ಲಿ ಒಂದೇ ಚೀಲ ಇತ್ತು. ಇನ್ನೊಂದಕ್ಕೆ ನಾವೇ ಜನ ತರಬೇಕಿತ್ತು. ಭಾವ ನಿರಾಳವಾಗಿ ನನ್ನ ಬೆನ್ನು ತಟ್ಟಿ ಕೌಂಟರಿನಾಕೆಗೆ ಹೇಳಿದರು. "ಯಾಕ್ ಹುಡುಕ್ಬೇಕು ಮೇಡಂ? ತಮ್ಮಂದೂ ಅದೇ ಗ್ರೂಪು."

ಭಾವ ರಿಜಿಸ್ಟ್ರಾರ್ ಆಫೀಸಿನೆದುರು ಪತ್ರ ಬರೆಯುವವರು. ಯಾರ ಕೈಲಿ ಫಾರಂ ಕಂಡರೂ ಕಸಿದು ತಾವೇ ತುಂಬಿಸುತ್ತಾರೆ. ರಕ್ತ ಕೊಡುವವರು ತುಂಬಬೇಕಾದ ನನ್ನ ಫಾರಂ ಅನ್ನೂ ಹಾಗೇ, ಓದದೆ, ಮೇಲಿಂದ ಕೆಳಗೆ 'ಇಲ್ಲ' ಎಂದು ಟಿಕ್ ಹಾಕಿ, "ಸೈನ್ ಮಾಡೋ, ಬೇಗ," ಎಂದರು.

ಒಂಬತ್ತನೇ ಪ್ರಶ್ನೆ: ಪುರುಷರಾಗಿದ್ದಲ್ಲಿ, ಇನ್ನೊಬ್ಬ ಪುರುಷನೊಡನೆ ಲೈಂಗಿಕ ಸಂಪರ್ಕ ಹೊಂದಿದ್ದೀರಾ?

ಪೆನ್ನು ಹಿಡಿದು ನಿಂತೆ. ನುಂಗಲೂ ಆಗದು, ಉಗುಳಲೂ ಆಗದು. ಆರು ವರ್ಷದಿಂದ ನನ್ನ ಜೊತೆ ಇರುವುದು ಸುರೇಶ ಒಬ್ಬನೇ. ಮನೆಯವರ ಪಾಲಿಗೆ ಅವನು ಬಿಟಿಎಂ ಲೇಔಟಿನ ರೂಂಮೇಟ್. ಹಿಂದಿನ ತಿಂಗಳಷ್ಟೇ ಇಬ್ಬರೂ ಎಚ್‌ಐವಿ ಟೆಸ್ಟ್ ಮಾಡಿಸಿದ್ದೆವು, ನೆಗೆಟಿವ್. ಸೈನ್ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಆ ರಕ್ತ ಹೋಗುವುದು ಅಕ್ಕನ ಮೈಗೆ. ರಿಪೋರ್ಟೇ ತಪ್ಪಿದ್ದರೆ? ಆ ಅನುಮಾನ ನನ್ನೊಳಗೆ ಹುಟ್ಟಿಸಿದ ಫಾರಂ ಮೇಲೂ, ಹುಟ್ಟಲು ಬಿಟ್ಟ ನನ್ನ ಮೇಲೂ ಸಿಟ್ಟು ಬಂತು.

ಒಳಗೆ ಹೋಗಿ ಬ್ಲಡ್ ಬ್ಯಾಂಕಿನ ಕೌನ್ಸೆಲರ್‌ಗೆ ನಿಜ ಹೇಳಿದೆ. ಆಕೆ ತಲೆ ಎತ್ತಲಿಲ್ಲ.

"ಟೆಸ್ಟ್ ರಿಪೋರ್ಟ್ ತರ್ಲಾ ಮೇಡಂ?"

"ರೂಲ್ಸ್ ಸಾರ್. ಒಬ್ರೇ ಆದ್ರೂ, ನೆಗೆಟಿವ್ ಆದ್ರೂ ತಗೊಳಲ್ಲ. ಯಾವತ್ತೂ."

ಯಾವತ್ತೂ.

ಹೊರಗೆ ಬಂದು, ಹಿಂದೆ ಕಾಮಾಲೆ ಆಗಿತ್ತು, ಅದಕ್ಕೇ ಬೇಡವಂತೆ ಎಂದು ಭಾವನಿಗೆ ಸುಳ್ಳು ಹೇಳಿದೆ.

"ನಿಂಗ್ಯಾವಾಗೋ ಬಂದಿತ್ತು ಕಾಮಾಲೆ? ಅಕ್ಕಂಗೆ ರಕ್ತ ಕೊಡಕ್ಕೆ ಭಯಾನಾ?"

ಕಾರಿಡಾರಿನ ಜನರೆಲ್ಲ ತಿರುಗಿದರು. ಹೇಡಿ ಅನ್ನಿಸಿಕೊಳ್ಳುವುದೇ ವಾಸಿ ಎಂದು ಫೋನ್ ಮಾಡಲು ಹೊರಟೆ. ಅದೇ ಗ್ರೂಪಿನವರನ್ನು ಹುಡುಕುತ್ತ ಮೂರು ಗಂಟೆ ಎಸ್‌ಟಿಡಿ ಬೂತಿಗೂ ವಾರ್ಡಿಗೂ ಓಡಾಡಿದೆ. ಕಡೆಗೆ ಸುರೇಶ ತನ್ನ ಆಫೀಸಿನ ಡ್ರೈವರ್, ಬೇಗೂರಿನ ಮುನಿರಾಜಣ್ಣನನ್ನು ಕರೆತಂದ. ಅವರು ಅರ್ಧ ದಿನ ರಜೆ ಹಾಕಿ ರಕ್ತ ಕೊಟ್ಟು, ಒಂದು ಕಾಫಿ ಕುಡಿದು ಹೋದರು.

ಆಪರೇಷನ್ ಆಗಿ ನಾಲ್ಕನೇ ದಿನ ಅಕ್ಕ ಎದ್ದು ಕೂತಿದ್ದಳು. ಗಂಜಿ ಕುಡಿಯುತ್ತ ಕೇಳಿದಳು, "ನಿಂಗೆ ಭಯ ಅಂತಾರೆ ನಿಮ್ ಭಾವ. ಇಂಜೆಕ್ಷನ್‌ಗೆ ನೀನ್ ಯಾವತ್ತೂ ಅತ್ತೋನಲ್ಲ. ಏನಾಯ್ತೋ?"

ಹೇಳಿದೆ. ಸುರೇಶನ ವಿಷಯವನ್ನೂ.

ಅಕ್ಕ ಲೋಟ ಪಕ್ಕಕ್ಕಿಟ್ಟಳು.

"ಇದೆಲ್ಲ ಅರ್ಥ ಆಗಕ್ಕೆ ನಂಗೆ ಟೈಂ ಬೇಕು ಕಣೋ," ಎಂದಳು. "ಆದ್ರೆ ನಿನ್ ರಕ್ತ ಬೇಡ ಅಂದಿದ್ದು ಅವರು. ನಾನಲ್ಲ."

ನನಗೆ ಅಳು ಬಂತು. ಅವಳು ಲೋಟ ಎತ್ತಿಕೊಂಡು ಉಳಿದ ಗಂಜಿ ಕುಡಿದಳು.