ಕುಪ್ಪಳಿಸಿದ ಮೇಲೆ ಬಂದ ಫೋಟೊ

ದುರ್ಗಿಗುಡಿಯ ನನ್ನ ಸ್ಟುಡಿಯೋಗೆ ಭದ್ರಾವತಿಯವರೊಬ್ಬರು ಏಳು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದರು. ಸ್ಕೂಲಿನ ಅರ್ಜಿಗೆ ಫೋಟೊ ಬೇಕಿತ್ತು, ಅವತ್ತೇ ಕೊನೆ ದಿನ. ಹುಡುಗಿ ಸ್ಟೂಲಿನ ಮೇಲೆ ಒಂದು ಕ್ಷಣವೂ ಸುಮ್ಮನೆ ಕೂರಲಿಲ್ಲ. ಎಂಟು ಫೋಟೊ ಹಾಳಾದ ಮೇಲೆ ನಾನು ರೇಗಿದೆ.

"ಅಲ್ಲಾಡಬೇಡ ಅಂದ್ರೆ ಗೊತ್ತಾಗಲ್ವಾ?"

ಅವಳ ಮುಖ ಬಾಡಿತು. ಅಪ್ಪ ಮಾತ್ರ ಸಿಟ್ಟಾಗಲಿಲ್ಲ.

"ಅವಳಿಗೆ ಎಡಿಎಚ್‌ಡಿ ಇದೆ ಸಾರ್, ಒಂದು ಕಡೆ ಸುಮ್ನೆ ಕೂರೋಕೆ ಆಗಲ್ಲ, ಬೇಕಂತ ಮಾಡಲ್ಲ. ಎರಡು ನಿಮಿಷ ಕೊಡಿ" ಎಂದವರೇ ಮಗಳ ಕೈ ಹಿಡಿದು ಅಲ್ಲೇ ಕುಪ್ಪಳಿಸತೊಡಗಿದರು. ಕಾಯುತ್ತಿದ್ದ ಗಿರಾಕಿಗಳು ನಕ್ಕರೂ ನಿಲ್ಲಿಸಲಿಲ್ಲ.

"ಈಗ ತೆಗೀರಿ ಸಾರ್, ಬೇಗ!"

ಏದುಸಿರು ಬಿಡುತ್ತಲೇ ಅವಳು ಕ್ಯಾಮೆರಾ ನೋಡಿ ನಕ್ಕಳು. ಒಂದೇ ಕ್ಲಿಕ್ಕಿಗೆ ಫೋಟೊ ಬಂತು.

"ಸಾರಿ ಪುಟ್ಟಾ" ಅಂದೆ.

ನಮ್ಮ ಮನೆಯ ಆಲ್ಬಮ್ಮಿನಲ್ಲಿ ನನ್ನ ಮಗ ಒಂದು ಫೋಟೊದಲ್ಲೂ ನಕ್ಕಿಲ್ಲ. ತೆಗೆದವನು ನಾನೇ.